ಜಯಮ್ಮ ಬೋರು ಬಿಚ್ಚಿದ ಬೇಸಿಗೆ

ಮೊನ್ನೆ ಶನಿವಾರ ಮೊಮ್ಮಗಳು ಸವಿತಾ ಬಸ್ಸಿಳಿದು ಬಂದವಳೇ ಹೆಗಲ ಚೀಲವನ್ನು ನನ್ನ ಮಂಚದ ಮೇಲೆ ಹಾಕಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ಚೀಲದಿಂದ ಗ್ರೀಸು, ಸೀಮೆಎಣ್ಣೆ, ಕಬ್ಬಿಣ ಮೂರೂ ಕಲೆತ ವಾಸನೆ ಬಂತು. ಬೇರೆ ಅಜ್ಜಿಯರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರೋ ಏನೋ. ನಾನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಕೂತುಬಿಟ್ಟೆ.

ಅವಳಿಗೆ ಕೆಲಸ ಸಿಕ್ಕಿದೆ. ಶ್ರೀರಂಗಪಟ್ಟಣದ ಕಡೆ ಒಂದು ತರಬೇತಿ ಶಾಲೆಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುವ ಮೇಡಂ ಕೆಲಸ. ಈ ಮಾತನ್ನು ಮೂರು ದಿನದಿಂದ ಡೇರಿಯ ಮುಂದೆ ಹಾಲು ಹಾಕಲು ನಿಂತವರಿಗೆ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಕಿವಿ ಕೇಳದ ನಮ್ಮ ಚೆನ್ನಾಜಮ್ಮನಿಗೆ ಎರಡು ಸಲ ಕೂಗಿ ಹೇಳಿದೆ. ಇನ್ನು ಹೇಳುವುದಕ್ಕೆ ಊರಲ್ಲಿ ಯಾರೂ ಉಳಿದಿಲ್ಲ. ಹೊಟ್ಟೆಯಲ್ಲಿ ಮಾತ್ರ ಸಂತೋಷ ಇನ್ನೂ ತುಂಬಿ ತುಳುಕುತ್ತಿದೆ. ಅದಕ್ಕೇ ಸವಿತಾಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಹಿಡಿದು ಕೂತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದೆ, ಓದುವವರು ಸೈರಿಸಿಕೊಳ್ಳಬೇಕು.

ಇವಳು ಹುಟ್ಟುವುದೇ ಇಲ್ಲವೆಂದು ನಾನೊಮ್ಮೆ ಒಂದು ಇಡೀ ಬೇಸಿಗೆ ನಂಬಿದ್ದೆ. ಅದನ್ನು ಬರೆಯುತ್ತೇನೆ.

ತೊಂಬತ್ತರ ಮೇಲೆ ನಾಲ್ಕೈದು ವರ್ಷ ಕಳೆದ ಕಾಲ. ನಮ್ಮೂರು ಬಿಂಡಿಗನವಿಲೆಯಿಂದ ಇನ್ನೂ ಒಳಕ್ಕೆ. ನಾಲೆ ನೀರು ನಮಗಿಲ್ಲ, ಮಳೆ ನಂಬಿ ರಾಗಿ ಹುರುಳಿ ಬೆಳೆಯುವ ಊರು. ಸುಗ್ಗಿ ಮುಗಿದರೆ ಗಂಡಸರೆಲ್ಲ ಪಾಂಡವಪುರ, ಕೆ.ಆರ್.ಪೇಟೆ ಕಡೆಯ ನಾಲೆ ಬಯಲಿಗೆ ಕಬ್ಬು ಕಡಿಯಲು ಹೋಗುತ್ತಿದ್ದರು. ನನ್ನ ಒಬ್ಬನೇ ಮಗ ಮಂಜನೂ ಹಾಗೆಯೇ ಹೋಗಿ ಹತ್ತು ಹದಿನೈದು ದಿನಕ್ಕೊಮ್ಮೆ ಬಂದು ಮುಖ ತೋರಿಸುತ್ತಿದ್ದ. ಮನೆಯಲ್ಲಿ ನಾನು, ಕುರಿ ಮೇಯಿಸುವ ನಮ್ಮೆಜಮಾನರು, ಸೊಸೆ ಜಯಮ್ಮ, ಅವಳ ನಾಲ್ಕು ವರ್ಷದ ಮಗಳು ಲಕ್ಷ್ಮಿ.

ಊರಿಗೆಲ್ಲ ಶಾಲೆಯ ಮುಂದಿನ ಬೋರು ಒಂದೇ. ಹಿಡಿ ಒತ್ತಿದರೆ ನೀರು ಬರುವ ಕೈಪಂಪು. ಅದು ಕೆಟ್ಟರೆ ಶಿವಣ್ಣ ಬರಬೇಕು. ಶಿವಣ್ಣನೆಂದರೆ ಸುತ್ತಿನ ಊರಿನ ಬೋರುಗಳಿಗೆಲ್ಲ ಇದ್ದ ಒಬ್ಬನೇ ರಿಪೇರಿಯವನು. ರಿಟೈರಾಗಲು ಒಂದು ವರ್ಷವಿತ್ತು, ಮಂಡಿ ಎರಡೂ ಹೋಗಿದ್ದವು. ಅವನ ಜಾಗಕ್ಕೆ ಇನ್ನೊಬ್ಬನನ್ನು ಹಾಕಿರಲಿಲ್ಲ. ಶಿವರಾತ್ರಿಗೆ ಮುಂಚೆ ಒಂದು ದಿನ ಬೋರಿಗೆ ಎಣ್ಣೆ ಬಿಡಲು ಬಂದವನು ನಮ್ಮ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ ಒಂದು ಸುದ್ದಿ ಹೇಳಿದ.

"ಎಳೇ ಹುಡುಗ್ರಿಗೆ ಕಲಿಸ್ದೆ ಕಣವ್ವ. ಪಾನಾ ಇಡಿಯೋದು ಬಂದಿದ್ದೇ ತಡ ಮೈಸೂರಿಗೆ ಓಡೋಗ್ಬುಟ್ರು. ಈಗ ಆಫೀಸ್ನೋರು ಏಳ್ತಾವ್ರೆ, ಸೊಸೇರಿಗೆ ಕಲ್ಸು, ಅವ್ರಾದ್ರೆ ಊರ್ಬುಟ್ಟು ಎಲ್ಲೂ ಓಗಲ್ಲ ಅಂತ."

ಆಗಲೇ ನನಗೆ ಅನುಮಾನ ಬಂತು. ಸರ್ಕಾರ ಎಂದಾದರೂ ಊರಿನ ಸೊಸೆಯಂದಿರನ್ನು ಹುಡುಕಿಕೊಂಡು ಬಂದಿದ್ದುಂಟೇ? ಬಂದಿದ್ದುಂಟು, ಅದನ್ನು ನಾನು ಕಂಡಿದ್ದೆ. ನನ್ನ ತಂಗಿ ಕೆಂಪಮ್ಮನನ್ನು ತೊಣ್ಣೂರಿನ ಕಡೆ ಕೊಟ್ಟಿದ್ದೆವು. ಬಹಳ ವರ್ಷದ ಹಿಂದೆ ಅವರೂರಿಗೆ ಒಂದು ಜೀಪು ಬಂದು ಹೆಸರು, ವಯಸ್ಸು, ಮಕ್ಕಳೆಷ್ಟು ಎಂದು ಬರೆದುಕೊಂಡು ಹೋಯಿತು. ಮುಂದಿನ ವಾರ ಅದೇ ಜೀಪು ಬಂದು ಅವಳನ್ನು ಕೂರಿಸಿಕೊಂಡು ಹೋಗಿ ಮಕ್ಕಳಾಗದ ಆಪರೇಷನ್ ಮಾಡಿಸಿ ತಂದುಬಿಟ್ಟಿತು. ಬಂದ ವಾರದಲ್ಲೇ ನೀರು ಹೊರಲು ಹೋಗಿ ಹೊಲಿಗೆ ಕಿತ್ತು ಕೀವಾಗಿ ಹಾಸಿಗೆ ಹಿಡಿದಿದ್ದಳು. ಅದು ವಾಸಿಯಾಯಿತು. ಮಾರನೆಯ ವರ್ಷ ವಾಂತಿಭೇದಿ ಬಂದು ಇದ್ದ ಎರಡು ಮಕ್ಕಳೂ ಒಂದೇ ವಾರದಲ್ಲಿ ಹೋದವು. ಕೆಂಪಮ್ಮ ಸಾಯುವ ತನಕ ಅಕ್ಕಪಕ್ಕದವರ ಮಕ್ಕಳಿಗೆ ತಲೆ ಬಾಚಿ ಹೇನು ಹೆಕ್ಕುತ್ತ ಕಾಲ ಕಳೆದಳು.

ಶಿವಣ್ಣ ಹೇಳಿದ ಮೇಲೆ ಕನ್ನಡಕ ಹಾಕಿದ ಒಬ್ಬ ಮೇಡಂ ಜೀಪಿನಲ್ಲಿ ಬಂದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಜಯಮ್ಮನ ಹೆಸರು ಕೇಳಿದರು. ವಯಸ್ಸು ಕೇಳಿದರು. ಆಮೇಲೆ, ಮಕ್ಕಳೆಷ್ಟು, ಚಿಕ್ಕದು ಹಾಲು ಬಿಟ್ಟಿದೆಯೇ ಎಂದು ಕೇಳಿದರು. ಜಯಮ್ಮ ಒಂದೇ ಹೆಣ್ಣು, ಹಾಲು ಬಿಟ್ಟು ಎರಡು ವರ್ಷವಾಯಿತು ಎಂದಳು. ಒಳ್ಳೆಯದೇ ಆಯಿತು ಬಿಡಿ ಎನ್ನುತ್ತ ಮೇಡಂ ಬರೆದುಕೊಂಡರು. ಬೋರು ಬಿಚ್ಚುವುದಕ್ಕೂ ಹಾಲು ಬಿಡುವುದಕ್ಕೂ ಎಲ್ಲಿಗೆಲ್ಲಿಯ ಸಂಬಂಧ? ಹದಿನೈದು ದಿನ ನಾಗಮಂಗಲದಲ್ಲೇ ಉಳಿಯಬೇಕು, ಎದೆಗೂಸಿನ ತಾಯಂದಿರಿಗೆ ಆಗುವುದಿಲ್ಲ ಎಂಬುದಕ್ಕೆ ಕೇಳಿದ್ದೆಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ಮಗನನ್ನು ಕೇಳೋಣವೆಂದರೆ ಅವನು ಆಗಲೇ ಹೆಂಡತಿಯನ್ನು ಕಳಿಸಲು ಒಪ್ಪಿ ಕಾಗದಕ್ಕೆ ರುಜು ಹಾಕಿಕೊಟ್ಟಿದ್ದ. ಓಹೋ, ಗಂಡ ಹೆಂಡತಿ ಇಬ್ಬರೂ ಸೇರಿಯೇ ಮಾಡಿದ್ದಾರೆ ಎಂದುಕೊಂಡು ಅವನ ಹತ್ತಿರವೂ ಬಾಯಿ ಬಿಡಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಜಯಮ್ಮ ಹೋದಳು. ನಾಲ್ಕನೆಯ ದಿನಕ್ಕೋ ಐದನೆಯ ದಿನಕ್ಕೋ ಪಕ್ಕದ ಮನೆಯ ಚೆನ್ನಾಜಮ್ಮ ಹಲ್ಲು ಕೀಳಿಸಲು ನಾಗಮಂಗಲಕ್ಕೆ ಹೋಗಿ ಬಂದಳು. ಊದಿದ ಕೆನ್ನೆ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದು, "ನಿನ್ ಸೊಸೆ ಆಸ್ಪತ್ರೆ ಗೇಟ್ನಾಗೆ ಒಳೀಕೆ ಓಯ್ತಾ ಇದ್ಲು ಕಣ್ ನಿಂಗಕ್ಕ, ಏಳೆಂಟು ಎಂಗಸ್ರು, ಸಾಲಾಗಿ. ಎಲ್ರೂ ನೀಲಿ ಕೋಟ್ ಆಕ್ಕಂಡಿದ್ರು," ಎಂದಳು. ಚೆನ್ನಾಜಮ್ಮ ಸುಳ್ಳು ಹೇಳುವವಳಲ್ಲ. ನಾನು ಒಳಗೆ ಬಂದು ಲಕ್ಷ್ಮಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಮಗುವಿನ ಹಣೆ ಮುಟ್ಟಿ ನೋಡಿದೆ. ಕೆಂಪಮ್ಮನ ಮಕ್ಕಳೂ ಹೀಗೆ ಗುಂಡುಗುಂಡಾಗಿಯೇ ಇದ್ದವು.

ಹದಿನೈದು ದಿನಕ್ಕೆ ಜಯಮ್ಮ ಬಸ್ಸಿಳಿದು ಬಂದಳು, ಬಲಗೈಯಲ್ಲಿ ಪಕ್ಕೆ ಒತ್ತಿ ಹಿಡಿದುಕೊಂಡು. ಹತ್ತಿರ ಬಂದರೆ ಮೈಯೆಲ್ಲ ಒಂಥರಾ ವಾಸನೆ. ಆಸ್ಪತ್ರೆಯ ಮುಲಾಮಿನದೇ ಎಂದುಕೊಂಡೆ. ಗ್ರೀಸನ್ನು ನಾನು ಅಷ್ಟು ಹತ್ತಿರದಿಂದ ಎಲ್ಲಿ ಮೂಸಿದ್ದೆ? ನೀಲಿ ಕೋಟು ಮಡಚಿ ಬುಟ್ಟಿಯ ತಳಕ್ಕಿಟ್ಟಳು. ಜೊತೆಗೆ ಒಂದು ಕಾಗದ, ಮೂಲೆಯಲ್ಲಿ ಅವಳ ಫೋಟೋ, ಕೆಳಗೆ ಗುಂಡನೆಯ ಮೊಹರು. ಆಪರೇಷನ್ ಆದವರಿಗೂ ಇಂಥದೇ ಕಾಗದ ಕೊಡುತ್ತಿದ್ದರು. ಅವಳು ಕುರಿಗೆ ಸೊಪ್ಪು ತರಲು ಹೋದಾಗ ಆ ಕಾಗದವನ್ನು ತೆಗೆದು ತಿರುಗಿಸಿ ತಿರುಗಿಸಿ ನೋಡಿದೆ. ನನಗೆ ಆಗ ಒಂದಕ್ಷರವೂ ಬರುತ್ತಿರಲಿಲ್ಲ. ಶಾಲೆಯ ಮೇಷ್ಟ್ರಿಗೆ ತೋರಿಸೋಣವೆಂದು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಅರ್ಧ ದಾರಿಗೆ ಕಾಲು ನಿಂತಿತು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿಬಿಟ್ಟರೆ? ಮಕ್ಕಳು ಕೇಳಿಸಿಕೊಂಡರೆ? ವಾಪಸು ಬಂದು ಮೊದಲಿದ್ದ ಜಾಗದಲ್ಲೇ ಇಟ್ಟೆ.

ಬಾಯಿ ಬಿಟ್ಟು ಅವಳನ್ನೇ ಕೇಳಬಹುದಿತ್ತು. ಇಂಥದ್ದನ್ನು ಅತ್ತೆಯಾದವಳು ಹೇಗೆ ಕೇಳುವುದು? ಕೇಳಿ, ಹೌದು ಎಂದುಬಿಟ್ಟರೆ ಆಮೇಲೆ ಮಾಡುವುದೇನು? ಕೇಳದೆ ಇದ್ದಷ್ಟು ದಿನ ಎಲ್ಲೋ ಒಂದು ಎಳೆ ಆಸೆ ಇರುತ್ತದೆ. ಒಳಗೊಳಗೇ ಕುದಿಯುತ್ತ ಅವಳ ಜೊತೆ ಮಾತು ಕಡಿಮೆ ಮಾಡಿದೆ. ಅವಳೂ ಬಿಗಿದುಕೊಂಡಳು.

ಯುಗಾದಿ ಮುಗಿದ ವಾರಕ್ಕೆ ಬೋರು ಕೆಟ್ಟಿತು. ಹಿಡಿ ಒತ್ತಿದರೆ ಬರೀ ಉಸಿರಿನ ಸದ್ದು. ಜಯಮ್ಮ ಹೋಗಿ ನೋಡಿ, ಒಳಗಿನ ವಾಷರ್ ಸವೆದಿದೆ, ದೊಡ್ಡ ಸಾಮಾನು ಆಫೀಸಿನಿಂದ ತರಿಸಿದರೆ ನಾನೇ ಹಾಕುತ್ತೇನೆ ಎಂದಳಂತೆ. ಊರಿನಲ್ಲಿ ಉಳಿದಿದ್ದ ನಾಲ್ಕು ಜನ ಮುದುಕರು ನಕ್ಕರು. ಹದಿನೈದು ದಿನ ಕಲಿತವಳ ಕೈಗೆ ಊರಿನ ಬೋರು ಕೊಡಲಾಗುತ್ತದೆಯೇ, ಶಿವಣ್ಣ ಬರಲಿ ಎಂದರು. ಶಿವಣ್ಣ ಮಂಡಿ ನೋವಿನಿಂದ ಮಲಗಿದ್ದ. ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಐದು ವಾರ ಕಳೆಯಿತು. ಊರಾಚೆಯ ತೋಟದ ಬಾವಿಯಿಂದ ನೀರು ತರಬೇಕು. ಏರು ದಾರಿ, ಕಲ್ಲು.

ಆಗ ನನಗೆ ಕೆಂಪಮ್ಮನ ಕೀವು ತುಂಬಿದ ಹೊಲಿಗೆ ನೆನಪಿಗೆ ಬಂತು. ಸಿಟ್ಟು ಎಷ್ಟೇ ಇರಲಿ, ಹಸಿ ಹೊಲಿಗೆಯ ಹೆಣ್ಣನ್ನು ನೀರಿಗೆ ಕಳಿಸುವುದು ನನ್ನಿಂದಾಗಲಿಲ್ಲ. ಹಾಗೆಂದು ಹೇಳಲೂ ಆಗಲಿಲ್ಲ. ಬೆಳಿಗ್ಗೆ ಅವಳು ಏಳುವ ಮುಂಚೆಯೇ ಅವಳ ಕೊಡವನ್ನು ಅಟ್ಟಕ್ಕೆ ಎಸೆದು, ನನ್ನದೆರಡನ್ನು ತಲೆ ಮೇಲೊಂದು ಸೊಂಟದಲ್ಲೊಂದು ಹೊತ್ತು ಹೊರಡುತ್ತಿದ್ದೆ. ಬಂದು ಧಡಕ್ಕನೆ ಇಳಿಸುತ್ತಿದ್ದೆ. ಅವಳು, ನಾನು ಹೋಗ್ತೀನಿ ಕೊಡಿ ಅತ್ತೆ ಎಂದರೆ, ನೀನು ಮಾಡಿ ಬಂದಿದ್ದು ಸಾಕು ಎನ್ನುತ್ತಿದ್ದೆ. ಗಂಡಸರ ಕೆಲಸ ಕಲಿಯಲು ಹೋದವಳಿಗೆ ಈ ಮನೆಯ ಕೊಡ ಮುಟ್ಟುವ ಯೋಗ್ಯತೆಯಿಲ್ಲವೆಂದು ನಾನು ಹಂಗಿಸುತ್ತಿದ್ದೇನೆ ಎಂದು ಅವಳು ತಿಳಿದಿದ್ದಳಂತೆ, ಒಲೆಯ ಮುಂದೆ ಕೂತು ಅಳುತ್ತಿದ್ದಳು. ಅದು ಹೊಲಿಗೆ ನೋವಿಗೆ ಅಳುತ್ತಿರುವುದೆಂದು ನಾನು ತಿಳಿದಿದ್ದೆ.

ಅಷ್ಟಕ್ಕೇ ಬಿಡಲಿಲ್ಲ. ತರಬೇತಿಯಲ್ಲಿ ಅವಳಿಗೆ ಕೊಟ್ಟಿದ್ದ, ನಟ್ಟು ಬಿಚ್ಚುವ ಪಾನಾಗಳ ಚೀಲ ಬಲು ಭಾರ. ಅದನ್ನು ಎತ್ತಿಕೊಂಡು ಎಲ್ಲಿ ಹೊರಟುಬಿಡುತ್ತಾಳೋ ಎಂದು ಒಂದು ದಿನ ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಹುಗಿದಿಟ್ಟೆ. ಚೀಲ ಎಲ್ಲಿ ಎಂದು ಕೇಳಿದಳು. ನನಗೇನು ಗೊತ್ತು ಎಂದೆ. ಮೂರು ದಿನ ಮನೆಯೆಲ್ಲ ಹುಡುಕಿದಳು. ನಾಲ್ಕನೆಯ ದಿನ ನಮ್ಮೆಜಮಾನರು ಮುದ್ದೆ ಮುರಿದು ಬಾಯಿಗಿಟ್ಟವರು ಹಾಗೇ ನಿಂತರು. ಗಂಟಲಿಗೆ ಇಳಿಸಲಿಲ್ಲ, ಉಗುಳಲೂ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಿ ಇದು, ಮುದ್ದೆ ಬಸ್ಸಿನ್ ವಾಸ್ನೆ ಒಡೀತದೆ," ಎಂದರು.

ಜಯಮ್ಮ ನನ್ನನ್ನು ಒಂದು ಸಲ ನೋಡಿದಳು. ಎದ್ದು ಹೋಗಿ ವಾಡೆಗೆ ಕೈ ಹಾಕಿ ಚೀಲ ಎಳೆದು, ರಾಗಿ ಕೊಡವಿ, ತನ್ನ ಹಾಸಿಗೆಯ ಪಕ್ಕ ಇಟ್ಟುಕೊಂಡಳು. ಆ ವಾರ ಮಂಜ ಬಂದಾಗ, ನಾನು ಸ್ವಲ್ಪ ದಿನ ನಮ್ಮೂರಿಗೆ ಹೋಗಿ ಇರ್ತೀನಿ ಎಂದು ಅವನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಇನ್ನು ಹುಟ್ಟುವ ಮಕ್ಕಳಂತೂ ಇಲ್ಲ, ಇದ್ದೊಂದನ್ನೂ ಕಂಕುಳಲ್ಲೆತ್ತಿಕೊಂಡು ಹೋಗುತ್ತಾಳೆ ಎಂದು ಅನ್ನ ಸೇರಲಿಲ್ಲ.

ಅವಳು ಹೊರಡುವೆನೆಂದಿದ್ದ ದಿನವೇ ಶಿವಣ್ಣ ಬಂದ. ಜೀಪು ಅವನನ್ನೂ ದೊಡ್ಡ ಸಾಮಾನುಗಳನ್ನೂ ಶಾಲೆಯ ಮುಂದೆ ಇಳಿಸಿ ಹೋಯಿತು. ಅವನು ಮಂಡಿ ಮಡಿಸಲಾಗದೆ ಕಾಲು ಚಾಚಿ ಕಲ್ಲಿನ ಮೇಲೆ ಕೂತುಬಿಟ್ಟ. ನನ್ನಿಂದ ಎತ್ತೋಕಾಗಲ್ಲ, ಕಲಿತ ಹುಡುಗಿ ಇದ್ದಾಳಲ್ಲ, ಕರೀರಿ ಎಂದ. ಜಯಮ್ಮ ಕಟ್ಟಿದ್ದ ಗಂಟನ್ನು ಬಾಗಿಲಲ್ಲೇ ಇಟ್ಟು, ಬುಟ್ಟಿಯಿಂದ ನೀಲಿ ಕೋಟು ತೆಗೆದು ಹಾಕಿಕೊಂಡು ಹೋದಳು.

ಬೋರು ಬಿಚ್ಚುವುದನ್ನು ನೋಡಿಲ್ಲದವರಿಗೆ ಹೇಳಬೇಕು. ಮೇಲಿನ ತಲೆ ಬಿಚ್ಚುವುದು ಸುಲಭ. ಆಮೇಲೆ ಒಳಗಿನ ಪೈಪುಗಳನ್ನು ಒಂದಕ್ಕೊಂದು ಜೋಡಿಸಿದ ಹಾಗೆಯೇ ಮೇಲಕ್ಕೆ ಎಳೆಯಬೇಕು. ಒಂದೊಂದು ಪೈಪೂ ಎರಡಾಳುದ್ದ. ಒಂದು ಮೇಲೆ ಬಂದರೆ ಅದನ್ನು ತಿರುಗಿಸಿ ಬಿಚ್ಚಿ ಪಕ್ಕಕ್ಕಿಡುವಷ್ಟು ಹೊತ್ತು ಕೆಳಗಿನ ಭಾರವನ್ನೆಲ್ಲ ಬಿಗಿಯಾಗಿ ಹಿಡಿದಿರಬೇಕು. ಕೈ ತಪ್ಪಿತೋ, ಎಲ್ಲ ಒಳಕ್ಕೆ ಜಾರಿ ಬೋರು ಮಣ್ಣುಪಾಲು. ಐದಾರು ಗಂಡಾಳು ಬೇಕಾದ ಕೆಲಸ. ಊರಲ್ಲಿ ಗಂಡಾಳೆಲ್ಲಿ? ಎಲ್ಲರೂ ಕಬ್ಬಿನ ಗದ್ದೆಯಲ್ಲಿದ್ದರು. ಕೊಡ ಹಿಡಿದು ನಿಂತಿದ್ದ ಹೆಂಗಸರೇ ಸೆರಗು ಬಿಗಿದು ಕೈ ಹಾಕಿದರು. ಎಳೆಯುವವರಲ್ಲಿ ಮೂವರ ತಲೆ ನರೆತಿತ್ತು.

ನಾನು ಕೈಕಟ್ಟಿಕೊಂಡು ದೂರ ನಿಂತಿದ್ದೆ. ಅವಳ ಕೈ ಎಲ್ಲಿ ಹೋಗುತ್ತದೆ, ಪಕ್ಕೆ ಹಿಡಿದುಕೊಳ್ಳುತ್ತಾಳೋ ಎಂದು ಅದನ್ನೇ ನೋಡುತ್ತಿದ್ದೆ. ಮೂರು ಪೈಪು ಬಂದವು. ನಾಲ್ಕನೆಯದು ಅರ್ಧ ಮೇಲೆ ಬಂದಾಗ ಚೆನ್ನಾಜಮ್ಮನ ಕೈ ಬೆವರಿಗೆ ಜಾರಿತು. ಪೈಪು ಗಡಕ್ಕೆಂದು ಒಂದು ಗೇಣು ಇಳಿಯಿತು. ಜಯಮ್ಮ ಬಗ್ಗಿ ತನ್ನ ಹೆಗಲನ್ನೇ ಪೈಪಿಗೆ ಕಚ್ಚಿಸಿದ್ದ ಹಿಡಿಕೆಯ ಕೆಳಗೆ ಕೊಟ್ಟಳು. ಕತ್ತಿನ ನರ ಉಬ್ಬಿದವು. ನಾನು ಓಡಿದೆ.

"ಬುಡೇ, ಬುಡು. ಒಲಿಗೆ ಕಿತ್ಕತದೆ."

"ಯಾವ್ ಒಲಿಗೆ ಅತ್ತೆ?"

"ಇನ್ಯಾವ್ದು. ಆಪರೇಸನ್ ಒಲಿಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಪೈಪು ಇನ್ನೊಂದು ಗೇಣು ಇಳಿಯಿತು. ಕಲ್ಲಿನ ಮೇಲಿದ್ದ ಶಿವಣ್ಣ, "ಮಾತಾಮೇಲೆ ಆಡ್ರವ್ವ, ಮೊದ್ಲು ಪೈಪ್ ಇಡ್ಕಳಿ," ಎಂದು ಗದರಿದ. ನಾನು ಚೆನ್ನಾಜಮ್ಮನನ್ನು ಪಕ್ಕಕ್ಕೆ ತಳ್ಳಿ ಅವಳ ಜಾಗದಲ್ಲಿ ಕೈ ಹಾಕಿದೆ. ಪೈಪಿನ ಆ ಕಡೆ ಸೊಸೆ, ಈ ಕಡೆ ನಾನು. ಎರಡು ತಿಂಗಳಿಂದ ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಳೆಯುತ್ತ ಎಳೆಯುತ್ತಲೇ ಅವಳು ಕೇಳಿದಳು.

"ನಂಗ್ಯಾರ್ ಮಾಡವ್ರೆ ಆಪರೇಸನ್ನ?"

"ಪಕ್ಕೆ ಇಡ್ಕಂಡ್ ಬಂದ್ಯಲ್ಲ."

"ಪೈಪ್ ಬಡೀತು."

"ಆಸ್ಪತ್ರೆಗ್ಯಾಕೆ ಓಗಿದ್ದೆ?"

"ಆಸ್ಪತ್ರೆ ಒಳ್ಗಡೆ ಬೋರು ಕೆಟ್ಟಿತ್ತು. ಅದ್ನೇ ಬಿಚ್ಚಿ ನಾವೆಲ್ಲ ಕಲ್ತುದ್ದು."

"ಆ ಕಾಗ್ದ?"

"ಕಲ್ತವ್ಳೆ ಅಂತ ಬರ್ಕೊಟ್ಟವ್ರೆ."

"ಮತ್ತೆ ಬಾಯ್ಬುಟ್ಟು ಏಳ್ಬಾರ್ದಾ?"

"ನೀವ್ ಕೇಳಿದ್ರಾ?"

ಪೈಪು ಮೇಲೆ ಬಂತು. ಹೆಂಗಸರು ನಗಲೂ ಆಗದೆ ಬಿಡಲೂ ಆಗದೆ ತುಟಿ ಕಚ್ಚಿಕೊಂಡಿದ್ದರು. ನಕ್ಕರೆ ಕೈ ಸಡಿಲುತ್ತದೆಂದು ಶಿವಣ್ಣ ಕೂಗುತ್ತಲೇ ಇದ್ದ. ಅದನ್ನು ಬಿಚ್ಚಿ ಪಕ್ಕಕ್ಕಿಡುವಾಗ ಜಯಮ್ಮ ಮತ್ತೆ ನನ್ನನ್ನು ನೋಡಿದಳು. ಈ ಸಲ ದನಿ ಮೆತ್ತಗಾಗಿತ್ತು.

"ಅಂಗಾರೆ ನನ್ ಕೊಡ ಅಟ್ಟಕ್ಕಾಕಿದ್ದು ಅದ್ಕಾ? ಐದ್ ವಾರ ನೀವೊಬ್ರೇ ನೀರು ಒತ್ಕಂಡ್ ಬಂದಿದ್ದು?"

ಐದು ವಾರ ಎರಡೆರಡು ಕೊಡ ಹೊತ್ತ ಕತ್ತು ಅಷ್ಟು ದಿನ ನೋಯದೆ ಇದ್ದದ್ದು ಆಗ ನೋಯತೊಡಗಿತು. ಅವಳು ಗ್ರೀಸಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕತ್ತಿನ ಮೇಲಿಟ್ಟು, "ಐದನೇದು ಬರ್ಲಿ, ಇಡ್ಕಳಿ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಪೈಪು ಬಂತು. ಒಳಗಿನ ತೊಗಲಿನ ವಾಷರು ಸವೆದು ಹಳೆಯ ಮೆಟ್ಟಿನ ಚೂರಿನಂತಾಗಿತ್ತು. ಜಯಮ್ಮ ಹೊಸದನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸಿದಳು. ಶಿವಣ್ಣ ಕಲ್ಲು ಬಿಟ್ಟು ಏಳಲಿಲ್ಲ, ಬಿಗಿ, ಸಡಿಲ ಎಂದು ಎರಡು ಮಾತು ಹೇಳಿದ್ದಷ್ಟೇ. ಮತ್ತೆ ಪೈಪೆಲ್ಲ ಇಳಿಸಿ ತಲೆ ಕೂರಿಸುವಾಗ ಕುರಿಗಳು ಮನೆಗೆ ಬರುವ ಹೊತ್ತು. ಮೊದಲು ಯಾರು ಒತ್ತುವುದು ಎಂದರೆ ಅವಳು ನನ್ನ ಕಡೆ ಕೈ ತೋರಿಸಿದಳು. ಒತ್ತಿದೆ. ತುಂಬ ಹೊತ್ತು ಏನೂ ಬರಲಿಲ್ಲ. ಇವಳು ಕಲಿತದ್ದು ಸುಳ್ಳೇ ಇರಬೇಕೆಂಬ ಅನುಮಾನ ಆಗಲೂ ಬಂತು, ನನ್ನ ಹುಟ್ಟುಗುಣ. ಆಮೇಲೆ ಕೆಂಪನೆಯ ನೀರು ಬಂತು, ಹಿಂದೆಯೇ ತಿಳಿಯಾದದ್ದು.

ಮನೆಗೆ ಬಂದು ಬಾಗಿಲಲ್ಲಿದ್ದ ಗಂಟನ್ನು ನಾನೇ ಬಿಚ್ಚಿ ಅವಳ ಸೀರೆಗಳನ್ನು ಹಗ್ಗಕ್ಕೆ ಹಾಕಿದೆ. ನಿಜ ಹೇಳಿದರೆ, ನನಗಿನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಭಾನುವಾರ ಅವಳಿಗೆ ಎಣ್ಣೆ ನೀರು ಹಾಕುತ್ತೇನೆಂದು ಕೂರಿಸಿ, ಬೆನ್ನು ಉಜ್ಜುವ ನೆವದಲ್ಲಿ ಬಗ್ಗಿ ಹೊಟ್ಟೆ ನೋಡಿದೆ. ಅವಳಿಗೆ ಗೊತ್ತಾಯಿತು. "ನೋಡ್ಕಳಿ, ಚೆನ್ನಾಗ್ ನೋಡ್ಕಳಿ," ಎಂದು ಮುಖ ಮುಚ್ಚಿಕೊಂಡು ನಕ್ಕಳು. ಒಂದು ಗೀರೂ ಇರಲಿಲ್ಲ.

ಆ ಮಳೆಗಾಲದಲ್ಲೇ ನಾನು ದೊಡ್ಡವರಿಗೆಂದು ಸಂಜೆ ನಡೆಸುತ್ತಿದ್ದ ಅಕ್ಷರದ ತರಗತಿಗೆ ಹೋಗಿ ಕೂತೆ. ಹಿಂದೆ ಒಮ್ಮೆ ಹೋಗಿ ಎರಡೇ ದಿನಕ್ಕೆ ಬಿಟ್ಟಿದ್ದೆ. ಈ ಸಲ ಬಿಡಲಿಲ್ಲ. ಆ ಕಾಗದವನ್ನು ಆಗಲೇ ಓದಿಕೊಂಡಿದ್ದರೆ ನನ್ನ ಕತ್ತೂ ಉಳಿಯುತ್ತಿತ್ತು, ಮನೆಯವರ ಮುದ್ದೆಯೂ ಉಳಿಯುತ್ತಿತ್ತು. ದೀಪಾವಳಿ ಹೊತ್ತಿಗೆ ಜಯಮ್ಮನ ಕಾಗದದಲ್ಲಿ 'ದುರಸ್ತಿ' ಎಂಬ ಮಾತನ್ನು ಕೂಡಿಸಿ ಓದಿದೆ.

ಮಾರನೆಯ ವರ್ಷ ಸೋನೆ ಹಿಡಿದ ದಿನ ಸವಿತಾ ಹುಟ್ಟಿದಳು. ಗಂಡಾಗಲಿ ಎಂದು ಹರಸಿದವರಿದ್ದರು. ಹುಟ್ಟಿತಲ್ಲ, ಅಷ್ಟು ಸಾಕಿತ್ತು ನನಗೆ. ಶಿವಣ್ಣ ರಿಟೈರಾದ ದಿನ ಬಂದು ತನ್ನ ಸ್ವಂತದ ದೊಡ್ಡ ಪಾನಾವನ್ನು ಜಯಮ್ಮನಿಗೆ ಕೊಟ್ಟು ಹೋದ. ಮನೆಮನೆಗೆ ನಲ್ಲಿ ಬರುವ ತನಕ ಸುತ್ತಿನ ಊರುಗಳ ಬೋರು ನೋಡಿಕೊಂಡದ್ದು ನನ್ನ ಸೊಸೆ. ಸವಿತಾ ಅವಳ ಹಿಂದೆ ಹೋಗಿ ಬೋರಿನ ಕಟ್ಟೆಯ ಮೇಲೆ ಕೂತು ನಟ್ಟು ಬೋಲ್ಟು ಆಡಿಕೊಂಡೇ ಬೆಳೆದಳು. ಈಗ ನಮ್ಮ ಕಡೆ ಮೋಟಾರು ಕೆಟ್ಟರೆ, ಪೈಪು ಒಡೆದರೆ, ಮಾಡುವ ಕೈಗಳೆಲ್ಲ ನಡುಗುವ ಕೈಗಳು. ಎಳೆಯರು ಬೇಕು, ಕಲಿಸುವವರು ಬೇಕು. ಕಲಿತವರು ಊರಲ್ಲಿ ನಿಲ್ಲುತ್ತಾರಾ ಎಂದು ನಾನು ಸವಿತಾಳನ್ನು ಕೇಳಿದೆ. "ನಿಲ್ಲೋರ್ನ ಉಡುಕ್ಕಂಡೇ ಕಲಿಸ್ತೀನಿ ಕಣಜ್ಜಿ," ಎಂದಳು. ನೋಡೋಣ. ಅನುಮಾನವೇ.

ಮೊನ್ನೆ ಶನಿವಾರ ಕೈಕಾಲು ತೊಳೆದು ಬಂದವಳು ಚೀಲದಿಂದ ಕೆಲಸದ ಆರ್ಡರು ತೆಗೆದು ನನ್ನ ಕೈಗೆ ಕೊಟ್ಟಳು. ಓದಿ ಹೇಳಲಾ ಎಂದಳು. ಬೇಡ ಎಂದು ಕನ್ನಡಕ ಹಾಕಿಕೊಂಡು, ಜಗಲಿಗೆ ಬಂದು, ಬೀದಿಗೆಲ್ಲ ಕೇಳುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಮೂಲೆಯಲ್ಲಿ ಅವಳ ಫೋಟೋ, ಕೆಳಗೆ ಗುಂಡನೆಯ ಮೊಹರು. ಮುಗಿಸುವ ಹೊತ್ತಿಗೆ ಜಯಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತ ತಲೆಯೆತ್ತದೆ ಹೇಳಿದಳು:

"ಸರ್ಯಾಗ್ ಓದಿ ಅತ್ತೆ. ಆಪರೇಸನ್ನು ಅಂತ ಎಲ್ಲಾರಾ ಬರ್ದವ್ರಾ ನೋಡಿ."

ನಾನು ಇನ್ನೊಂದು ಸಲ ಮೊದಲಿನಿಂದ ಓದಿದೆ.